ಹಳೆಯ ಎಚ್‌ಓ (1:87 ಅಳತೆಯ ಮಾದರಿ ರೈಲು) ಸ್ಟೀಮ್ ಎಂಜಿನ್ ಪಾಯಿಂಟ್ ಮೇಲೆ ನಿಂತುಬಿಡುತ್ತದೆ. ಮೋಟಾರ್ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮಾವ ಅಮೆರಿಕದಿಂದ ತಂದುಕೊಟ್ಟ ಹಳೆಯ ಹಿತ್ತಾಳೆ ಎಂಜಿನ್, 2-8-0 (ಮುಂದೆ ಎರಡು ಚಿಕ್ಕ ಗಾಲಿ, ಆಮೇಲೆ ಎಂಟು ದೊಡ್ಡ ಗಾಲಿ), ಮಾಮೂಲಿ 12 ವೋಲ್ಟ್ ಡಿಸಿ. ಜೋರಾಗಿ ಬಿಟ್ಟರೆ ಓಡುತ್ತದೆ. ಮೆಲ್ಲಗೆ ಬಿಟ್ಟರೆ ಪಾಯಿಂಟ್ ಮೇಲೆ, ಅಂದರೆ ಹಳಿ ಕವಲೊಡೆಯುವ ಜಾಗದಲ್ಲಿ, ಗಕ್ಕನೆ ನಿಲ್ಲುತ್ತದೆ. ಹಳಿ, ಗಾಲಿ ಎಲ್ಲ ಒರೆಸಿ ಆಗಿದೆ.

ಮೋಟಾರ್ ಮುಟ್ಟಬೇಡಿ. ಜೋರಾಗಿ ಓಡುವ ಎಂಜಿನ್ನಿನ ಮೋಟಾರ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ನನ್ನ ಹತ್ತಿರವೂ ಇಂಥದ್ದೇ ಒಂದಿದೆ, ಅದರ ಕಾಟ ಪೂರ್ತಿ ಟೆಂಡರ್‌ನಲ್ಲಿತ್ತು, ಅಂದರೆ ಎಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಡಬ್ಬಿಯಲ್ಲಿ.

ಈ ಹಿತ್ತಾಳೆ ಎಂಜಿನ್‌ಗಳಲ್ಲಿ ಎಂಜಿನ್ ಒಂದು ಹಳಿಯಿಂದ ಮಾತ್ರ ಕರೆಂಟ್ ತೆಗೆದುಕೊಳ್ಳುತ್ತದೆ, ಟೆಂಡರ್ ಇನ್ನೊಂದು ಹಳಿಯಿಂದ. ಎರಡರಲ್ಲೂ ಒಂದು ಪಕ್ಕದ ಗಾಲಿಗಳಿಗೆ ಇನ್ಸುಲೇಷನ್ ಇರುತ್ತದೆ. ಅಂದರೆ ಒಂದು ಹಳಿಯ ಪೂರ್ತಿ ಜವಾಬ್ದಾರಿ ಟೆಂಡರ್‌ನ ನಾಲ್ಕೇ ಗಾಲಿಗಳದ್ದು. ಮುಂದಿನ ಟ್ರಕ್‌ನಲ್ಲಿ (ಗಾಲಿ ಹೊತ್ತ ಚಿಕ್ಕ ಚೌಕಟ್ಟು) ಎರಡು, ಹಿಂದಿನ ಟ್ರಕ್‌ನಲ್ಲಿ ಎರಡು.

ಈಗ ಪಾಯಿಂಟ್ ನೋಡಿ. ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ, ಅಂದರೆ ಫ್ರಾಗ್‌ನಲ್ಲಿ, ಪ್ಲಾಸ್ಟಿಕ್ ಇದ್ದರೆ ಅಲ್ಲಿ ಕರೆಂಟ್ ಇಲ್ಲ. ಟೆಂಡರ್ ಟ್ರಕ್‌ನ ಎರಡು ಅಚ್ಚುಗಳ ನಡುವೆ ಇರುವುದೇ ಸುಮಾರು 2 ಸೆಂಟಿಮೀಟರ್. ಫ್ರಾಗ್ ಅಷ್ಟೇ ಉದ್ದ ಇದ್ದರೂ ಇಡೀ ಟ್ರಕ್ಕನ್ನು ನುಂಗಿಬಿಡುತ್ತದೆ. ಆ ಹೊತ್ತಿನಲ್ಲಿ ಎಂಜಿನ್ ಬದುಕುವುದು ಇನ್ನೊಂದು ಟ್ರಕ್‌ನ ಮೇಲೆ. ಅದೂ ಕೈಕೊಟ್ಟರೆ ನಿಂತಿತು, ಅಷ್ಟೇ. ಎಂಜಿನ್ನಿನ ದೊಡ್ಡ ಗಾಲಿಗಳ ಸಾಲು ಉದ್ದ, ಭಾರವೂ ಜಾಸ್ತಿ. ಹಾಗಾಗಿ ಆ ಕಡೆ ಈ ತೊಂದರೆ ಕಡಿಮೆ.

ಒಂದು ಸುಳಿವು: ಪಾಯಿಂಟ್‌ನಲ್ಲಿ ನೇರ ಹೋಗುವಾಗ ಫ್ರಾಗ್ ಒಂದು ಹಳಿಯಲ್ಲಿ ಸಿಗುತ್ತದೆ, ತಿರುಗುವಾಗ ಇನ್ನೊಂದರಲ್ಲಿ. ಎರಡರಲ್ಲಿ ಒಂದೇ ದಾರಿಯಲ್ಲಿ ನಿಲ್ಲುತ್ತಿದ್ದರೆ, ಆ ದಾರಿಯ ಫ್ರಾಗ್ ಟೆಂಡರ್ ಕರೆಂಟ್ ಎತ್ತುವ ಪಕ್ಕದಲ್ಲೇ ಇದೆಯಾ ನೋಡಿ. ಇದ್ದರೆ ಕಳ್ಳ ಸಿಕ್ಕಿದ.

ಖಾತ್ರಿಗೆ ಕಾಗದದ ಪರೀಕ್ಷೆ ಮಾಡಿ. ನೇರ ಹಳಿ ಮೇಲೆ ಎಂಜಿನ್ ಕೈಲಿ ಹಿಡಿದುಕೊಂಡು, ಗಾಲಿ ನಿಂತಲ್ಲೇ ತಿರುಗುವಷ್ಟು ಕರೆಂಟ್ ಕೊಡಿ. ಟೆಂಡರ್‌ನ ಮುಂದಿನ ಟ್ರಕ್ ಕೆಳಗೆ ಕಾಗದದ ಚೂರು ಸಿಕ್ಕಿಸಿ. ಗಾಲಿ ನಿಂತರೆ ಹಿಂದಿನ ಟ್ರಕ್ ಸುಮ್ನೆ ಉರುಳುತ್ತಿದೆ, ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಆಮೇಲೆ ಹಿಂದಿನದಕ್ಕೂ ಹೀಗೇ ಮಾಡಿ. ನನ್ನದರಲ್ಲಿ ಹಿಂದಿನ ಟ್ರಕ್ ಸತ್ತೇ ಹೋಗಿತ್ತು, ವರ್ಷಗಟ್ಟಲೆ ನನಗೆ ಗೊತ್ತೇ ಇರಲಿಲ್ಲ!

ಯಾಕೆ ಹೀಗೆ? ಕರೆಂಟ್ ಹೋಗುವ ದಾರಿ ನೋಡಿ: ಗಾಲಿಯಿಂದ ಅಚ್ಚಿಗೆ, ಅಚ್ಚಿನಿಂದ ಟ್ರಕ್‌ನ ಚೌಕಟ್ಟಿಗೆ, ಅಲ್ಲಿಂದ ಸ್ಕ್ರೂ ಮತ್ತು ಸ್ಪ್ರಿಂಗ್ ಮೂಲಕ ಟೆಂಡರ್ ತಳಕ್ಕೆ, ತಳದಿಂದ ಡ್ರಾಬಾರ್‌ಗೆ (ಎಂಜಿನ್ ಮತ್ತು ಟೆಂಡರ್ ಜೋಡಿಸುವ ಸಲಾಕೆ), ಡ್ರಾಬಾರ್‌ನಿಂದ ಮೋಟಾರಿಗೆ. ಪ್ರತಿ ಕೀಲಿನಲ್ಲೂ ಬಣ್ಣ, ಕಿಲುಬು, ಒಣಗಿದ ಎಣ್ಣೆ. ಗಾಲಿ ಎಷ್ಟು ಒರೆಸಿದರೂ ಇದು ಹೋಗುವುದಿಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ ತಂತಿ. ಎರಡೂ ಟ್ರಕ್ ಬಿಚ್ಚಿ, ಗಾಲಿ ತೆಗೆದು, ಚೌಕಟ್ಟಿನ ಒಳಬದಿಗೆ ತೆಳ್ಳನೆಯ, ಬಹಳ ಎಳೆಗಳಿರುವ ತಂತಿ ಬೆಸುಗೆ ಹಾಕಿ. ಗಾಲಿ ಇಟ್ಟುಕೊಂಡೇ ಬೆಸುಗೆ ಹಾಕಿದರೆ ಇನ್ಸುಲೇಷನ್ ಕರಗಬಹುದು. ಎರಡೂ ತಂತಿ ಸೇರಿಸಿ, ಚಿಕ್ಕ ಪ್ಲಗ್ ಹಾಕಿ, ನೇರ ಮೋಟಾರಿಗೆ ಒಯ್ಯಿರಿ. ಡ್ರಾಬಾರ್ ಇನ್ನು ಎಳೆಯುವುದಕ್ಕೆ ಮಾತ್ರ. ನಾನು ಮೊದಲ ಸಲ ಮನೆಯಲ್ಲಿದ್ದ ದಪ್ಪ ತಂತಿ ಹಾಕಿ, ತಿರುವಿನಲ್ಲೆಲ್ಲ ಟೆಂಡರ್ ಹಳಿ ತಪ್ಪುವುದನ್ನು ನೋಡಿದೆ. ತಂತಿ ದಾರದ ಹಾಗೆ ಜೋತುಬೀಳಬೇಕು. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿನಲ್ಲಿ ಹುಡುಕಿ.

ಬಹಳಷ್ಟು ಎಂಜಿನ್ ಇಷ್ಟಕ್ಕೇ ಸರಿಹೋಗುತ್ತವೆ. ಆಗದಿದ್ದರೆ ವೈಪರ್ ಹಾಕಬೇಕು. ವೈಪರ್ ಅಂದರೆ ಗಾಲಿಯ ಬೆನ್ನಿಗೆ ತಾಗುವ ಫಾಸ್ಫರ್ ಬ್ರಾಂಜ್ ತಂತಿ, 0.3 ಮಿಲಿಮೀಟರ್ ಸಾಕು. ಹಳೆಯ ರಿಲೇ ಒಳಗಿನ ಪಟ್ಟಿಯೂ ಆಗುತ್ತದೆ. ಇಲ್ಲಿ ತುಂಬಾ ಜನ ಎಡವುವುದು ಒಂದು ಲೆಕ್ಕದಲ್ಲಿ. ಟೆಂಡರ್‌ನ ಇನ್ಸುಲೇಷನ್ ಇರುವ ಗಾಲಿಗಳಿಗೆ ವೈಪರ್ ಹಾಕಿದರೆ ಲಾಭ ಎಂಜಿನ್ ಕಡೆಯ ಹಳಿಗೆ. ಅದು ಮೊದಲೇ ಗಟ್ಟಿಯಾಗಿದೆ! ಟೆಂಡರ್ ಕಡೆಯ ಹಳಿಗೆ ಬಲ ಬೇಕಿದ್ದರೆ ವೈಪರ್ ಹಾಕಬೇಕಾದದ್ದು ಎಂಜಿನ್ನಿನ ಇನ್ಸುಲೇಷನ್ ಇರುವ ದೊಡ್ಡ ಗಾಲಿಗಳಿಗೆ. ಚೌಕಟ್ಟಿಗೆ ತಾಗದಂತೆ ಸಣ್ಣ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ) ಚೂರಿನ ಮೇಲೆ ಕೂರಿಸಿ, ಅದರ ತಂತಿಯನ್ನು ಟೆಂಡರ್ ತಂತಿಗೆ ಸೇರಿಸಿ. ಮೋಟಾರ್ ತಿರುಗಿಸುವ ಗಾಲಿಗಳಾದ್ದರಿಂದ ವೈಪರ್ ಒತ್ತಡ ಅಲ್ಲಿ ಗೊತ್ತೇ ಆಗುವುದಿಲ್ಲ. ಟೆಂಡರ್ ಗಾಲಿಗೆ ಒತ್ತಿ ಹಾಕಿದರೆ ಮಾತ್ರ ಅದು ಬ್ರೇಕ್. ಆ ತಪ್ಪನ್ನೂ ನಾನು ಮಾಡಿದ್ದೇನೆ, ಗಾಲಿ ತಿರುಗದೆ ಜಾರುಬಂಡಿ ಆಗಿತ್ತು.

ಒಂದು ಟ್ರಕ್ ಮಾತ್ರ ಹಿಂದುಮುಂದು ತಿರುಗಿಸಿ ಎರಡೂ ಹಳಿಯಿಂದ ಕರೆಂಟ್ ತೆಗೆಯಿರಿ ಅಂತ ಯಾರಾದರೂ ಹೇಳಬಹುದು. ಟ್ರಕ್ಕನ್ನು ತಳದಿಂದ ಇನ್ಸುಲೇಟ್ ಮಾಡಿದರೆ ಅದು ಆಗುತ್ತದೆ. ಆದರೆ ಟೆಂಡರ್ ಕಡೆಯ ಹಳಿಗೆ ನಾಲ್ಕು ಗಾಲಿ ಇದ್ದದ್ದು ಎರಡಾಗುತ್ತದೆ, ಅವೆರಡೂ ಒಟ್ಟಿಗೆ ಫ್ರಾಗ್ ಮೇಲೆ ಬರುತ್ತವೆ. ನನಗೆ ಇಷ್ಟವಿಲ್ಲ. ಕ್ಷಣಕಾಲ ಕರೆಂಟ್ ಹಿಡಿದಿಡುವ ಕೆಪಾಸಿಟರ್, ಡಿಸಿಸಿ (ಡಿಜಿಟಲ್ ಸಂಕೇತದಿಂದ ಎಂಜಿನ್ ನಡೆಸುವ ಪದ್ಧತಿ) ಇರುವವರಿಗೆ ಸರಿ. ಬರೀ ಡಿಸಿಯಲ್ಲಿ ದಿಕ್ಕು ಬದಲಿಸಿದಾಗ ಪ್ಲಸ್ ಮೈನಸ್ ಅದಲುಬದಲಾಗುವುದರಿಂದ ಅದು ರಗಳೆ.

ಶಾರ್ಟ್ ಬಗ್ಗೆ ಹುಷಾರು. ಎಂಜಿನ್ ಮೈ ಒಂದು ಹಳಿ, ಟೆಂಡರ್ ಮೈ ಇನ್ನೊಂದು ಹಳಿ. ತಿರುವಿನಲ್ಲಿ ಕ್ಯಾಬ್ ಚಾವಣಿ ಟೆಂಡರಿಗೆ ತಾಗಿದರೂ ಶಾರ್ಟ್. ಲೋಹದ ಕಪ್ಲರ್ (ಗಾಡಿಗಳನ್ನು ಜೋಡಿಸುವ ಕೊಂಡಿ) ಇರುವ ಎರಡು ಹಿತ್ತಾಳೆ ಎಂಜಿನ್ ಜೋಡಿಸಿದರೆ ಕಪ್ಲರ್‌ನಲ್ಲೇ ಶಾರ್ಟ್ ಆಗಬಹುದು. ಕಂಟ್ರೋಲರ್ ಕೆಟ್ಟಿತು ಅಂತ ನಾನು ಒಂದು ಭಾನುವಾರ ಪೂರ್ತಿ ಅದನ್ನು ಬಿಚ್ಚಿ ಕೂತಿದ್ದೆ.

ಮೊದಲು ಕಾಗದದ ಪರೀಕ್ಷೆ ಮಾಡಿ, ಯಾವ ಟ್ರಕ್‌ನಲ್ಲಿ ನಿಂತಿತು ಅಂತ ಇಲ್ಲೇ ಬರೆಯಿರಿ. ಎರಡೂ ಸರಿಯಿದ್ದರೆ ಬೇರೆ ಕಡೆ ಹುಡುಕೋಣ.