ಬಣ್ಣದ ಚೌಕಗಳು ಮೂಡಿ ಪರದೆ ಕಪ್ಪಾಗುವ ಬಗ್ಗೆ

ಗದಗಿನ ನಿಮ್ಮ ಡಿಟಿಪಿ ಅಂಗಡಿಯಲ್ಲಿ ದೊಡ್ಡ ಬ್ಯಾನರ್ ತೆರೆದು ಕೆಲಸ ಮಾಡುತ್ತಿರುವಾಗ ಪರದೆಯ ತುಂಬ ಬಣ್ಣದ ಚೌಕಗಳು ಮೂಡಿ ಕಪ್ಪಾಗುತ್ತದೆ, ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಮತ್ತೆ ಹಾಕಿದರೂ ಸರಿಹೋಗಿಲ್ಲ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನೇ ಹೊಸದಾಗಿ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಇಷ್ಟಕ್ಕೇ ಕೊಳ್ಳಬೇಡಿ.

ಮೊದಲು ಮಾನಿಟರಿನ ಕೇಬಲ್ ಬದಲಿಸಿ, ಚೌಕಗಳು ಬಯಾಸ್ ಪರದೆಯಲ್ಲಿಯೂ (ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪರದೆ) ಕಾಣುತ್ತವೆಯೇ ಎಂದು ಗಮನಿಸಿ. ಅಲ್ಲಿ ವಿಂಡೋಸಿನ ಡ್ರೈವರ್‌ಗೆ ಕೆಲಸವೇ ಇಲ್ಲದ ಕಾರಣ, ಅಲ್ಲಿಯೂ ಕಂಡರೆ ದೋಷವು ಹೆಚ್ಚಾಗಿ ಕಾರ್ಡಿನ ಮೆಮೊರಿ ಚಿಪ್ಪಿನಲ್ಲಿಯೇ ಇರುತ್ತದೆ. ಕೆಲಸದ ಹೊರೆ ಹೆಚ್ಚಾದಾಗ ಮಾತ್ರ ಕಂಡರೆ ಶಾಖವನ್ನೋ ವಿದ್ಯುತ್ ಪೂರೈಕೆಯನ್ನೋ ಅನುಮಾನಿಸಬೇಕು.

ನಿಮ್ಮ ವಿವರಣೆಯಿಂದ ನನಗೆ ಶಾಖದ ಮೇಲೆಯೇ ಹೆಚ್ಚು ಗುಮಾನಿ. ನಮ್ಮ ಎರೆ ಸೀಮೆಯ ನುಣ್ಣನೆಯ ದೂಳು, ಕಾರ್ಡಿನ ಶಾಖ ಹೊರಹಾಕುವ ಲೋಹದ ಭಾಗವಾದ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿ, ಫ್ಯಾನ್ ತಿರುಗುತ್ತಿದ್ದರೂ ಗಾಳಿ ಒಳಗೆ ಹೋಗದಂತೆ ಮಾಡುತ್ತದೆ. ಪ್ಲಗ್ ಕಿತ್ತು, ಕಾರ್ಡನ್ನು ಹೊರತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು ಬ್ಲೋವರಿನಿಂದ ಊದಿರಿ. ಮರಳಿ ಕೂರಿಸುವಾಗ ಸ್ಲಾಟಿನ ತುದಿಯ ಕ್ಲಿಪ್ ‘ಟಕ್’ ಎಂದು ಬೀಳಬೇಕು.

ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ವಿಷಯದಲ್ಲಿ ಲೆಕ್ಕ ಸರಳ: ಕಾರ್ಡಿಗೆ ಸ್ಲಾಟಿನಿಂದ ಗರಿಷ್ಠ 75 ವ್ಯಾಟ್, 8 ಪಿನ್ನಿನ ತಂತಿಯಿಂದ 150 ವ್ಯಾಟ್. ಆ ತಂತಿಯಿಲ್ಲದೆ ಮೋಲೆಕ್ಸ್ (ಹಳೆಯ 4 ಪಿನ್ನಿನ ವಿದ್ಯುತ್ ಪ್ಲಗ್) ಕನ್ವರ್ಟರ್ ಹಾಕಿ ಓಡಿಸುತ್ತಿದ್ದರೆ ದಯವಿಟ್ಟು ಅದನ್ನು ಮೊದಲು ತೆಗೆಯಿರಿ, ಅದು ಕರಗಿಹೋಗುವ ಅಪಾಯವೂ ಇದೆ.

ಇಷ್ಟಾದರೂ ಸರಿಹೋಗದಿದ್ದರೆ ಒಳ್ಳೆಯ ಎಸ್‌ಎಂಪಿಎಸ್ ಇರುವ ಪರಿಚಿತರ ಕಂಪ್ಯೂಟರಿಗೆ ಕಾರ್ಡ್ ಹಾಕಿ ನೋಡಿ. ಅಲ್ಲಿಯೂ ಚೌಕಗಳು ಬಂದರೆ ವಾರಂಟಿಯ ಬಿಲ್ಲು ಹುಡುಕಿರಿ. ಹುಬ್ಬಳ್ಳಿಗೆ ರಿಪೇರಿಗೆ ಒಯ್ದಾಗ ಯಾರಾದರೂ ಚಿಪ್ಪನ್ನು ಬರಿದೇ ಬಿಸಿ ಮಾಡಿಕೊಡುತ್ತೇವೆಂದರೆ ಒಪ್ಪಬೇಡಿ. ಹಾಗೆ ಸರಿಹೋದ ಕಾರ್ಡು ಸಾಮಾನ್ಯವಾಗಿ ಬಹಳ ದಿನ ಬಾಳುವುದಿಲ್ಲ.