1964ಕ್ಕಿಂತ ಹಳೆಯ ವಿಂಚೆಸ್ಟರ್: ಆ ಬೆಲೆ ನ್ಯಾಯವೇ?

ಪ್ರಶ್ನೆ: ಅಮೆರಿಕದಲ್ಲಿ 1964ಕ್ಕೂ ಮುಂಚಿನ ವಿಂಚೆಸ್ಟರ್ ಮಾಡೆಲ್ 70 ರೈಫಲ್‌ಗೆ ದುಬಾರಿ ಬೆಲೆ ಕೇಳುತ್ತಾರೆ. ಕೊಡಬಹುದೇ?

ಉತ್ತರ: ಮೂಲ ಸ್ಥಿತಿಯಲ್ಲಿದ್ದರೆ ಮಾತ್ರ. 1936ರಲ್ಲಿ ಬಂದ ಈ ರೈಫಲ್‌ನ ಬೋಲ್ಟ್‌ಗೆ (ಕಾಡತೂಸನ್ನು ನಳಿಗೆಯೊಳಗೆ ತಳ್ಳುವ, ಹಿಂದೆ-ಮುಂದೆ ಸರಿಯುವ ದಂಡ) ಉದ್ದನೆಯ ಕೊಕ್ಕೆಯಿದೆ. ಮ್ಯಾಗಜೀನ್‌ನಿಂದ (ಕಾಡತೂಸು ತುಂಬಿಡುವ ಪೆಟ್ಟಿಗೆ) ಮೇಲೇಳುತ್ತಲೇ ಕಾಡತೂಸಿನ ಅಂಚನ್ನು ಅದು ಹಿಡಿದುಕೊಳ್ಳುತ್ತದೆ. ಬೋಲ್ಟನ್ನು ಅರ್ಧ ಮುಂದೆ ತಳ್ಳಿ ಹಿಂದೆಳೆದರೂ ಕಾಡತೂಸು ಒಳಗೇ ಉಳಿಯುವುದಿಲ್ಲ. 1964ರಲ್ಲಿ ಖರ್ಚು ತಗ್ಗಿಸಲು ಈ ಕೊಕ್ಕೆಯನ್ನು ಕೈಬಿಟ್ಟರು, ಮರದ ಮೇಲಿನ ಕೆತ್ತನೆಯ ಬದಲು ಅಚ್ಚೊತ್ತಿದರು. ಹಳೆಯದಕ್ಕೆ ಬೇಡಿಕೆ ಬಂದದ್ದೇ ಹಾಗೆ. 1990ರ ದಶಕದಲ್ಲಿ ಕೊಕ್ಕೆ ಮರಳಿತು. ಬಳಕೆಗಷ್ಟೇ ಆದರೆ ಹೊಸದೇ ಸಾಕು. ಸಂಗ್ರಹಕ್ಕಾದರೆ ಹಿಡಿಯ ತುದಿ ಕತ್ತರಿಸಿ ರಬ್ಬರ್ ಪ್ಯಾಡ್ ಹಾಕಿದ್ದಾರೆಯೇ, ಸ್ಕೋಪ್‌ಗೆಂದು (ಗುರಿ ನೋಡುವ ದುರ್ಬೀನು) ಹೆಚ್ಚುವರಿ ತೂತು ಕೊರೆದಿದ್ದಾರೆಯೇ ನೋಡಿ. ಕೊರೆದ ಅಕ್ಷರಗಳ ಅಂಚು ಮಸುಕಾಗಿದ್ದರೆ ಪಾಲಿಶ್ ಮಾಡಿ ಮತ್ತೆ ಬ್ಲೂಯಿಂಗ್ (ಲೋಹಕ್ಕೆ ತುಕ್ಕು ತಡೆಯುವ ನೀಲಿಗಪ್ಪು ಬಣ್ಣ) ಮಾಡಿಸಿರುವ ಸಾಧ್ಯತೆ ಹೆಚ್ಚು. ಅಂಥದ್ದಕ್ಕೆ ಸಂಗ್ರಹದ ಬೆಲೆ ಕೊಡಲೇಬೇಡಿ. ಕ್ರಮಸಂಖ್ಯೆ 7,00,000 ದಾಟಿದ್ದರೆ ಅದು ಹಳೆಯ ವಿನ್ಯಾಸದ್ದೇ ಅಲ್ಲ.