ಸಿಂಹದ ಮರಿ ಅತ್ತಿದ್ದು ಯಾಕೆ ಕಾಣಿಸಲಿಲ್ಲ?

ಪ್ರಶ್ನೆ: ಚಿಕ್ಕವಳಿದ್ದಾಗ ‘ದಿ ಲಯನ್ ಕಿಂಗ್’ ಕಾರ್ಟೂನ್ ಸಿನಿಮಾ ನೋಡಿ, ರಾಜ ಸಿಂಹ ಮುಫಾಸ ಸಾಯುವಾಗ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಈಗ 2019ರ ಹೊಸ ಸಿನಿಮಾ ನೋಡಿದೆ. ಅದೇ ಕಥೆ, ಅದೇ ದೃಶ್ಯ, ಸಿಂಹಗಳಂತೂ ಥೇಟ್ ಕಾಡಿನವೇ. ಆದರೂ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ನನಗೆ ವಯಸ್ಸಾಯ್ತಾ, ಇಲ್ಲಾ ಸಿನಿಮಾದಲ್ಲೇ ಏನೋ ಕಮ್ಮಿಯಾ?

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ. ಎರಡೂ ಸಿನಿಮಾಗಳ ಆ ಒಂದು ದೃಶ್ಯವನ್ನು ಒಂದಾದ ಮೇಲೊಂದು ಹಾಕಿ ನೋಡಿ, ಮುಫಾಸನ ಮರಿ ಸಿಂಬನ ಹುಬ್ಬನ್ನು ಮಾತ್ರ ಗಮನಿಸಿ. 1994ರ ಸಿನಿಮಾದಲ್ಲಿ ಧೂಳಿನ ನಡುವೆ ಅಪ್ಪನನ್ನು ಹುಡುಕಿ ಬರುವಾಗ ಅವನ ಹುಬ್ಬು ಮೇಲಕ್ಕೆ ಏರಿರುತ್ತದೆ, ಇನ್ನೂ ಆಸೆ ಇದೆ. ಅಪ್ಪನ ಕಿವಿ ಹಿಡಿದು ಎಳೆಯುತ್ತಾನೆ, ಏಳು ಅನ್ನುತ್ತಾನೆ. ಆಮೇಲೆ ಆ ಹುಬ್ಬು ಕುಸಿಯುತ್ತದೆ, ಕಣ್ಣು ತುಂಬಿಕೊಳ್ಳುತ್ತದೆ, ಅಪ್ಪನ ಪಂಜದ ಕೆಳಗೆ ನುಸುಳಿ ಮಲಗುತ್ತಾನೆ. ನಾವು ಅತ್ತಿದ್ದು ಅಲ್ಲೇ.

ನಿಜವಾದ ಸಿಂಹಕ್ಕೆ ಅಂಥ ಹುಬ್ಬೇ ಇಲ್ಲ. ಕಣ್ಣಿನ ಬಿಳಿ ಭಾಗ ಹೊರಗೆ ಕಾಣುವುದೂ ತೀರಾ ಕಮ್ಮಿ. ಸಿಟ್ಟು ಬಂದರೆ ಕಿವಿ ಹಿಂದಕ್ಕೆ ಮಲಗಿಸುತ್ತದೆ, ಮೂಗು ಸುಕ್ಕು ಮಾಡುತ್ತದೆ, ಹಲ್ಲು ತೋರಿಸುತ್ತದೆ. ದುಃಖವನ್ನು ಮನುಷ್ಯರ ಹಾಗೆ ಮುಖದಲ್ಲಿ ತೋರಿಸುವ ಪ್ರಾಣಿಯಲ್ಲ ಅದು. ಚಿತ್ರ ಬಿಡಿಸುವವರು ಸಿಂಹಕ್ಕೆ ನಮ್ಮ ಹುಬ್ಬು, ನಮ್ಮ ಕಣ್ಣು ಕೊಟ್ಟರು. ಹೊಸ ಸಿನಿಮಾದ ನಿರ್ದೇಶಕ ಜಾನ್ ಫಾವ್ರೊ ವನ್ಯಜೀವಿ ಡಾಕ್ಯುಮೆಂಟರಿ ಥರ ಕಾಣಬೇಕು ಅಂತ ಹೊರಟವರು, ಹಾಗಾಗಿ ಕೊಟ್ಟಿದ್ದನ್ನೆಲ್ಲ ವಾಪಸ್ ತೆಗೆದರು. ಉಳಿದಿದ್ದು ದನಿ ಒಂದೇ. ಮುಫಾಸನಿಗೆ ಅದು ಸಾಕಾಗುತ್ತದೆ, ಯಾಕೆಂದರೆ ರಾಜನ ಮುಖ ಗಂಭೀರವಾಗಿ ಸುಮ್ನೆ ಇದ್ದರೂ ನಡೆಯುತ್ತದೆ, ಜೊತೆಗೆ ಎರಡೂ ಸಿನಿಮಾಗಳಲ್ಲಿ ಅವನಿಗೆ ದನಿ ಕೊಟ್ಟಿದ್ದು ಜೇಮ್ಸ್ ಅರ್ಲ್ ಜೋನ್ಸ್. ಆದರೆ ಅಪ್ಪನನ್ನು ಕಳೆದುಕೊಂಡ ಮರಿಯ ಮುಖ ಸುಮ್ನೆ ಇರಬಾರದು. ದನಿ ಅಳುತ್ತಿದೆ, ಮುಖ ಅಳುತ್ತಿಲ್ಲ. ಯಾರೋ ಬೇರೆಯವರು ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ?

ಇದೇ ಫಾವ್ರೊ 2016ರಲ್ಲಿ ‘ದಿ ಜಂಗಲ್ ಬುಕ್’ ಮಾಡಿದ್ದರು. ಅಲ್ಲೂ ಪ್ರಾಣಿಗಳೆಲ್ಲ ಕಂಪ್ಯೂಟರಿನವೇ, ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಕೂಡ ಬಂತು. ಅಲ್ಲಿ ಈ ತೊಂದರೆ ಇಷ್ಟು ಕಾಡಲಿಲ್ಲ, ಯಾಕೆಂದರೆ ನಡುವೆ ಒಬ್ಬ ನಿಜವಾದ ಹುಡುಗ ಇದ್ದ. ಕರಡಿ ನಗದಿದ್ದರೂ ಅದನ್ನು ನೋಡಿ ಹುಡುಗ ನಗುತ್ತಿದ್ದ, ನಮಗೆ ಅಷ್ಟು ಸಾಕಿತ್ತು. ‘ಲಯನ್ ಕಿಂಗ್’ನಲ್ಲಿ ಮನುಷ್ಯರ ಮುಖ ಒಂದೂ ಇಲ್ಲ.

ಪ್ರಶ್ನೆ: ಇದು ‘ಲೈವ್ ಆಕ್ಷನ್’ ಸಿನಿಮಾ, ಆಫ್ರಿಕಾದಲ್ಲಿ ನಿಜವಾದ ಪ್ರಾಣಿಗಳನ್ನು ಶೂಟ್ ಮಾಡಿ ಬಾಯಿ ಮಾತ್ರ ಕಂಪ್ಯೂಟರಿನಲ್ಲಿ ಆಡಿಸಿದ್ದಾರೆ ಅಂತ ನನ್ನ ಸ್ನೇಹಿತ ಹೇಳುತ್ತಾನೆ. ಹೌದಾ?

ಉತ್ತರ: ಇಲ್ಲ. ಇಡೀ ಸಿನಿಮಾದಲ್ಲಿ ನಿಜವಾದ ಕ್ಯಾಮೆರಾದಲ್ಲಿ ತೆಗೆದ ಶಾಟ್ ಒಂದೇ ಒಂದು, ಶುರುವಿನಲ್ಲಿ ಬರುವ ಸೂರ್ಯೋದಯ. ಕಂಪ್ಯೂಟರಿನಲ್ಲಿ ಮಾಡಿದ ಶಾಟ್‌ಗಳು 1,490 ಅಂತ ಫಾವ್ರೊ ಅವರೇ ಹೇಳಿದ್ದಾರೆ. ಹುಲ್ಲು, ಧೂಳು, ಮೋಡ, ಮರಿಯ ಮೈಮೇಲಿನ ಕೂದಲು, ಎಲ್ಲವೂ.

ಮಾಡಿದ ರೀತಿ ಮಾತ್ರ ಮಜವಾಗಿದೆ. ಕಾಡು, ಬಂಡೆ, ಪ್ರಾಣಿಗಳ ಒರಟು ರೂಪವನ್ನು ಮೊದಲು ವಿಡಿಯೋ ಗೇಮ್ ಥರ ಕಂಪ್ಯೂಟರಿನಲ್ಲಿ ಕಟ್ಟಿದರು. ಆಮೇಲೆ ಛಾಯಾಗ್ರಾಹಕ ಕೇಲಬ್ ಡೆಶಾನೆಲ್ ಮತ್ತವರ ತಂಡ ವಿಆರ್ ಕನ್ನಡಕ (ಕಂಪ್ಯೂಟರಿನ ಲೋಕದೊಳಗೇ ಇದ್ದೇವೆ ಅನ್ನಿಸುವಂಥದ್ದು) ಹಾಕಿಕೊಂಡು ಆ ಕಾಡಿನೊಳಗೆ ಓಡಾಡಿ, ಕ್ಯಾಮೆರಾ ಎಲ್ಲಿಡಬೇಕು ಅಂತ ನೋಡಿದರು. ಅವರು ಖಾಲಿ ಸ್ಟುಡಿಯೋದಲ್ಲಿ ನಿಜವಾದ ಟ್ರೈಪಾಡ್, ಡಾಲಿ (ಕ್ಯಾಮೆರಾ ಇಡುವ ಗಾಲಿ ಬಂಡಿ) ತಳ್ಳಿದರೆ ಕಂಪ್ಯೂಟರಿನೊಳಗಿನ ಕ್ಯಾಮೆರಾ ಅದೇ ಥರ ಸರಿಯುತ್ತಿತ್ತು. ಅದಕ್ಕೇ ಆ ಶಾಟ್‌ಗಳಲ್ಲಿ ಕ್ಯಾಮೆರಾ ಹಿಡಿದ ಮನುಷ್ಯನ ಕೈ ಇದೆ ಅನ್ನಿಸುವುದು. ಪ್ರಾಣಿಗಳ ನಡಿಗೆ, ಉಸಿರು, ಕಿವಿಯ ಅಲುಗಾಟವನ್ನು ಆ್ಯನಿಮೇಟರ್‌ಗಳು ಒಂದೊಂದಾಗಿ ಕೂತು ಮಾಡಿದರು.

ಅದಕ್ಕೇ ‘ಲೈವ್ ಆಕ್ಷನ್’ ಅನ್ನುವ ಹೆಸರು ನನಗೆ ಬೇಜಾರು ತರಿಸುತ್ತದೆ. ಇದು ಪೂರ್ತಿ ಆ್ಯನಿಮೇಷನ್ ಸಿನಿಮಾ. ಗೋಲ್ಡನ್ ಗ್ಲೋಬ್ ಸಿನಿಮಾ ಪ್ರಶಸ್ತಿಯಲ್ಲಿ ಅದನ್ನು ಆ್ಯನಿಮೇಷನ್ ವಿಭಾಗಕ್ಕೇ ನಾಮನಿರ್ದೇಶನ ಮಾಡಿದ್ದರು. ಲೈವ್ ಆಕ್ಷನ್ ಅಂದುಬಿಟ್ಟರೆ ಸಿಂಹ ತನ್ನಷ್ಟಕ್ಕೆ ನಡೆದುಕೊಂಡು ಬಂತು ಅಂದ ಹಾಗಾಯ್ತು, ಅದನ್ನು ನಡೆಸಿದ ಆ್ಯನಿಮೇಟರ್ ಎಲ್ಲೂ ಇಲ್ಲ. ನಿಮ್ಮ ಸ್ನೇಹಿತರಿಗೆ ದಯವಿಟ್ಟು ಇದನ್ನು ಹೇಳಿ.

ಪ್ರಶ್ನೆ: ಹಾಗಾದರೆ ಹಳೇದು ಪೂರ್ತಿ ಕೈಯಲ್ಲಿ ಬಿಡಿಸಿದ್ದು, ಹೊಸದು ಪೂರ್ತಿ ಕಂಪ್ಯೂಟರ್. ಸರಿನಾ?

ಉತ್ತರ: ಪೂರ್ತಿ ಸರಿಯಲ್ಲ. 1994ರ ಸಿನಿಮಾದಲ್ಲಿ ಕಣಿವೆಯೊಳಗೆ ವೈಲ್ಡ್‌ಬೀಸ್ಟ್ (ಆಫ್ರಿಕಾದ ದೊಡ್ಡ ಜಿಂಕೆಯಂಥ ಪ್ರಾಣಿ) ಹಿಂಡು ನುಗ್ಗಿ ಬರುತ್ತದಲ್ಲ, ಅದು ಕಂಪ್ಯೂಟರಿನ ಕೆಲಸ. ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ಓಡಿಸಲು ಬೇರೆಯದೇ ಪ್ರೋಗ್ರಾಂ ಬರೆದರು, ಆ ದೃಶ್ಯಕ್ಕೆ ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. ನೂರಾರು ಪ್ರಾಣಿ ಓಡುವುದಕ್ಕೆ ಯಂತ್ರ, ಒಂದು ಮರಿ ಹೆದರುವುದಕ್ಕೆ ಪೆನ್ಸಿಲ್. ಯಾವುದಕ್ಕೆ ಯಾವುದು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಪ್ರಶ್ನೆ: ಹೊಸದರಲ್ಲಿ ಹಾಡುಗಳು ಯಾಕೆ ಸಪ್ಪೆ?

ಉತ್ತರ: ಸಂಗೀತದ ತಪ್ಪಲ್ಲ, ಹ್ಯಾನ್ಸ್ ಜಿಮ್ಮರ್ ಎರಡಕ್ಕೂ ಇದ್ದಾರೆ. ಹಳೇದರಲ್ಲಿ ಮರಿ ಸಿಂಬ ನಾನೇ ರಾಜ ಆಗ್ತೀನಿ ಅಂತ ಹಾಡುವಾಗ ಆಕಾಶದ ಬಣ್ಣವೇ ಬದಲಾಗಿ, ಪ್ರಾಣಿಗಳು ಒಂದರ ಮೇಲೊಂದು ಹತ್ತಿ ಗೋಪುರ ಕಟ್ಟುತ್ತವೆ. ಡಾಕ್ಯುಮೆಂಟರಿಯಲ್ಲಿ ಹಾಗೆಲ್ಲ ಆಗಲ್ಲ, ಹಾಗಾಗಿ ಹೊಸ ಮರಿಗಳು ನೀರಿನ ಹತ್ತಿರ ಪ್ರಾಣಿಗಳ ನಡುವೆ ಸುಮ್ನೆ ಓಡುತ್ತವೆ. ರಾತ್ರಿಯ ಪ್ರೇಮಗೀತೆಯನ್ನೂ ಹಾಡುಹಗಲಲ್ಲಿ ಹಾಡಿಸಿದ್ದಾರೆ. ಅದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪ್ರಶ್ನೆ: ಆರು ವರ್ಷದ ಮಗನಿಗೆ ಮೊದಲು ಯಾವುದು ತೋರಿಸಲಿ?

ಉತ್ತರ: 1994ರದ್ದು. ಕಥೆ ಅವನಿಗೆ ಮುಖಗಳಿಂದಲೇ ತಿಳಿಯಲಿ. 88 ನಿಮಿಷ ಅಷ್ಟೇ, ಅವನು ಎದ್ದು ಹೋಗಲ್ಲ. ಅಳು ಬಂದರೆ ಪಕ್ಕದಲ್ಲಿ ನೀವಿರಿ.

ಆದರೆ ಹೊಸದನ್ನೂ ಆಮೇಲೆ ತೋರಿಸಿ, ಅದರಲ್ಲೊಂದು ದೃಶ್ಯ ಅವನಿಗೆ ಖಂಡಿತ ಇಷ್ಟವಾಗುತ್ತದೆ. ಸಿಂಬನ ಮೈಯಿಂದ ಉದುರಿದ ಕೂದಲಿನ ಒಂದು ಎಳೆಗುಚ್ಛ ಎಲ್ಲೆಲ್ಲೋ ತೇಲಿ, ಜಿರಾಫೆಯ ಹೊಟ್ಟೆಗೂ ಹೋಗಿ, ಸಗಣಿ ಹುಳ ಉರುಳಿಸುವ ಉಂಡೆಯಲ್ಲಿ ಸೇರಿ, ಇರುವೆಗಳ ಕೈಗೂ ಸಿಕ್ಕಿ ಕೊನೆಗೆ ಮುದಿ ಮಂಗ ರಫಿಕಿಯನ್ನು ಮುಟ್ಟುತ್ತದೆ. ಮಾತಿಲ್ಲ, ಅಳಬೇಕಾದ ಮುಖವೂ ಇಲ್ಲ. ಇಲ್ಲಿ ನಿಜದ ಹಾಗೆ ಕಾಣುವುದೇ ಗೆಲ್ಲುತ್ತದೆ, ಕೈಚಿತ್ರದಲ್ಲಿ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಆ ಹುಳ ಉಂಡೆ ತಳ್ಳುವಾಗ ಬೇಕಿದ್ದರೆ ನಿಲ್ಲಿಸಿ ತೋರಿಸಿ, ಅವನು ಹತ್ತು ಪ್ರಶ್ನೆ ಕೇಳುತ್ತಾನೆ.